ಸಣ್ಣ ನೂಲು, ಹಗುರ ಶಾಲು: ಬಳ್ಳಾರಿ ಬಿಸಿಲಲ್ಲೂ ಹೆಣಿಗೆ

ಬಳ್ಳಾರಿಯಲ್ಲಿ ಉಲನ್ನು, ಕಡ್ಡಿ ಹಿಡಿದು ಕಟ್ಟೆಯ ಮೇಲೆ ಕೂತರೆ ಹೋಗಿ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಯಾಕವಾ, ಈ ಬಿಸ್ಲಾಗ ಸ್ವೆಟರ್ ಯಾರಿಗೆ?" ಅವರದೇನೂ ತಪ್ಪಿಲ್ಲ. ಬೇಸಿಗೆ ಬಂತೆಂದರೆ 40 ಡಿಗ್ರಿ ದಾಟುವ ಊರು. ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಹತ್ತಾದರೂ ಉಗುಳುತ್ತಿರುತ್ತದೆ. ಅಂಥಲ್ಲಿ ದಪ್ಪ ಉಲನ್ನಿನ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು ಹೆಣೆಯುವುದೆಂದರೆ ಕಂಬಳಿ ಹೊದ್ದು ಒಲೆ ಮುಂದೆ ಕೂತ ಹಾಗೆ. ನಾನೂ ಎರಡು ಸ್ವೆಟರ್ ಅರ್ಧಕ್ಕೇ ಬಿಟ್ಟವಳು.

ಕಡ್ಡಿ ಮಾತ್ರ ಬಿಡಲಿಲ್ಲ, ನೂಲು ಬದಲಿಸಿದೆ. ಸಣ್ಣ ನೂಲಿನ ಕೆಲಸ ತೊಡೆ ಮೇಲೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಇಡೀ ಶಾಲಿಗೆ 100 ಗ್ರಾಂ ಸಾಕು. ಅರ್ಧ ಹೆಣೆದದ್ದನ್ನು ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋಗಬಹುದು. ನಮ್ಮ ಕಡೆಯ ಚಳಿಗೆ ಬೇಕಾದದ್ದೂ ಇಷ್ಟೇ: ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನ ಎ.ಸಿ. ಬೋಗಿಯಲ್ಲಿ ಕುತ್ತಿಗೆಗೆ ಸುತ್ತಿಕೊಳ್ಳಲು, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನಸುಕಿನಲ್ಲೇ ಹೊರಟಾಗ ಹೆಗಲಿಗೆ ಹಾಕಿಕೊಳ್ಳಲು ಒಂದು ತೆಳ್ಳನೆಯ ಶಾಲು. ಅಂಥ ಒಂದನ್ನು ಹೆಣೆಯುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಸೀದಾ, ಉಲ್ಟಾ ಎಂಬ ಎರಡು ಮೂಲ ಹೆಣಿಗೆ ಬರುತ್ತಿದ್ದರೆ ಸಾಕು.

ನೂಲು ಎಷ್ಟು ಸಣ್ಣ?

ಅಂಗಡಿಯಲ್ಲಿ "ಸಣ್ಣದು ಕೊಡ್ರಿ" ಅಂದರೆ ಮಕ್ಕಳ ಟೋಪಿಗೆಂದು ತಂದಿಟ್ಟ ಅಕ್ರಿಲಿಕ್ ಉಂಡೆ ಕೊಡುತ್ತಾರೆ. ಕೈಯಲ್ಲಿ ಮುಟ್ಟಿ ನಿರ್ಧರಿಸಬೇಡಿ, ಲೇಬಲ್ ಓದಿ. ತೂಕ, ಉದ್ದ ಎರಡೂ ಬರೆದಿರುತ್ತದೆ. 100 ಗ್ರಾಮಿಗೆ ಸುಮಾರು 400 ಮೀಟರ್ ಬಂದರೆ ಅದು 'ಫಿಂಗರಿಂಗ್'. ಸುಮಾರು 800 ಮೀಟರ್ ಬಂದರೆ 'ಲೇಸ್'. 200ರ ಆಸುಪಾಸು ಇದ್ದರೆ ಅದು ಸ್ವೆಟರಿನ ನೂಲು, ಅಲ್ಲೇ ಬಿಟ್ಟುಬಿಡಿ. ಪ್ಲೈ ಎಷ್ಟೆಂದು ನೋಡಿ ಮೋಸಹೋಗುವವರೂ ಇದ್ದಾರೆ. ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎನ್ನುವ ಲೆಕ್ಕ ಅಷ್ಟೆ. ಎಳೆಯೇ ದಪ್ಪ ಇದ್ದರೆ ಎರಡು ಪ್ಲೈ ಕೂಡ ಹಗ್ಗದಂತಿರುತ್ತದೆ.

ಹತ್ತಿ ನೂಲಿಗೆ ಬೇರೆ ಲೆಕ್ಕ. ರಾಯಚೂರಿನ ಹತ್ತಿ ಮಾರುಕಟ್ಟೆ ಕಂಡವರಿಗೆ ಕೌಂಟ್ ಎಂಬ ಮಾತು ಹೊಸದಲ್ಲ. ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿ ಎಷ್ಟು ಬರುತ್ತವೋ ಅದೇ ಕೌಂಟ್. 40ರ ನೂಲೆಂದರೆ ಪೌಂಡಿಗೆ 40 ಲಡಿ. ಹಾಗಾಗಿ ನಂಬರು ಏರಿದಷ್ಟೂ ನೂಲು ಸಣ್ಣ.

ಲೇಬಲ್ ಹರಿದುಹೋದ ಒಂದು ಲಡಿ ನನ್ನ ಬಳಿ ಇತ್ತು. 10 ಮೀಟರ್ ಅಳೆದು ಕತ್ತರಿಸಿ, ಬೆಂಗಳೂರು ರಸ್ತೆಯಲ್ಲಿ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದೆ. ಚಿನ್ನ ತೂಗುವ ತಕ್ಕಡಿಯಲ್ಲಿ ನೂಲಿಟ್ಟು ನಕ್ಕರು. ಎರಡೂವರೆ ಗ್ರಾಂ. ಅಂದರೆ 100 ಗ್ರಾಮಿಗೆ 400 ಮೀಟರ್, ಫಿಂಗರಿಂಗ್. ಒಂದೂಕಾಲು ಗ್ರಾಂ ತೂಗಿದ್ದರೆ ಲೇಸ್ ಆಗುತ್ತಿತ್ತು. "ಮಜೂರಿ ಎಷ್ಟು ಹಾಕ್ಲಿ ಅಕ್ಕಾ?" ಅಂತ ಬೇರೆ ಕೇಳಿದರು.

ಯಾವ ನೂಲು?

ಮೊದಲ ಶಾಲಿಗೆ ಉಣ್ಣೆಯೇ ಇರಲಿ, ಮೆರಿನೋ ತಳಿಯ ಕುರಿಯದು ಸಿಕ್ಕರೆ ಒಳ್ಳೆಯದು. ಉಣ್ಣೆ ಜಗ್ಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಕೈ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗಿದ್ದರೂ ಮುಚ್ಚಿಹಾಕುತ್ತದೆ. ಹತ್ತಿಗೆ, ರೇಷ್ಮೆಗೆ ಆ ದಾಕ್ಷಿಣ್ಯ ಇಲ್ಲ, ಮಾಡಿದ ತಪ್ಪನ್ನು ಹಾಗೇ ತೋರಿಸುತ್ತವೆ. ಹತ್ತಿ ಜಗ್ಗದ ಕಾರಣ ಮಣಿಕಟ್ಟೂ ಬೇಗ ನೋಯುತ್ತದೆ. ಮೋಹೇರ್ (ಅಂಗೋರಾ ಮೇಕೆಯ ರೋಮದ ನೂಲು) ಕಣ್ಣಿಗೆ ಚೆಂದ, ಆದರೆ ಅದರ ರೋಮ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಕಲಿಯುವವರು ದೂರವಿಡಿ. ಅಕ್ರಿಲಿಕ್ ಕೈ ಪಳಗಿಸಲು ಆದೀತು.

ನಮ್ಮ ಕುರಿಯ ಉಣ್ಣೆಯೇ ಆಗದೇ ಎಂದು ಕೇಳುವವರಿದ್ದಾರೆ. ನನಗೂ ಆ ಆಸೆ ಇತ್ತು. ಬಳ್ಳಾರಿ ಕುರಿ ಎಂಬ ತಳಿಯೇ ಇದೆಯಲ್ಲ. ಅದರ ಉಣ್ಣೆ ಒರಟು, ಕೂದಲು ಬೆರೆತದ್ದು. ಕಂಬಳಿಗೆಂದೇ ಹುಟ್ಟಿದ್ದು. ಹುಣಸೆ ಬೀಜದ ಗಂಜಿ ಕುಡಿಸಿ, ಹಾಸು ಎಳೆದು, ಕುರುಬರು ನೇಯ್ದ ಕಂಬಳಿ ಮಳೆಗೂ ಚಳಿಗೂ ಜಗ್ಗುವುದಿಲ್ಲ. ಅದೇ ಉಣ್ಣೆಯನ್ನು ಕುತ್ತಿಗೆಗೆ ಸುತ್ತಿದರೆ ಮುಳ್ಳು ಚುಚ್ಚಿದ ಹಾಗೆ. ಮೆರಿನೋದ ಎಳೆಯ ದಪ್ಪ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಆಸುಪಾಸು, ಲಡಾಖಿನ ಮೇಕೆಯ ಪಶ್ಮಿನಾ 12ರಿಂದ 16. ಮೆತ್ತಗಿರುವುದರ ಗುಟ್ಟು ಅದೇ.

ಕಡ್ಡಿ, ತಂಬಿಗೆ, ಫ್ಯಾನು

ಸಣ್ಣ ನೂಲಿಗೆ ಸಣ್ಣ ಕಡ್ಡಿ ಎಂದುಕೊಂಡು 12 ನಂಬರಿನ ಕಡ್ಡಿ (2.75 ಮಿ.ಮೀ.) ತೆಗೆದುಕೊಂಡರೆ ಕಾಲುಚೀಲದಂಥ ಒತ್ತಾದ ಬಟ್ಟೆ ಬರುತ್ತದೆ. ಶಾಲಿಗೆ ಬೇಕಾದದ್ದು 8 ನಂಬರ್, ಅಂದರೆ 4 ಮಿ.ಮೀ. ನಮ್ಮಲ್ಲಿ ಸಿಗುವ ಕಡ್ಡಿಗೆ ಹಳೇ ಬ್ರಿಟಿಷ್ ನಂಬರು. ನಂಬರು ಇಳಿದಷ್ಟೂ ಕಡ್ಡಿ ದಪ್ಪ. ಸಣ್ಣ ನೂಲು, ದಪ್ಪ ಕಡ್ಡಿ: ನಡುವೆ ಗಾಳಿಗೆ ಜಾಗ ಉಳಿಯುತ್ತದೆ, ಬಟ್ಟೆ ಹಗುರಾಗುತ್ತದೆ. ಬಿದಿರಿನ ಕಡ್ಡಿ ಸಿಕ್ಕರೆ ಅದನ್ನೇ ಕೊಳ್ಳಿ. ಸ್ಟೀಲಿನ ಮೇಲೆ ಸಣ್ಣ ಕುಣಿಕೆ ಜಾರುತ್ತದೆ.

ನೂಲು ಲಡಿಯಲ್ಲಿ ಬಂದಿದ್ದರೆ ಉಂಡೆ ಮಾಡಿಕೊಳ್ಳಬೇಕು. ಲಡಿಯನ್ನು ತಲೆಕೆಳಗು ಮಾಡಿದ ಸ್ಟೂಲಿನ ಕಾಲುಗಳಿಗೆ ತೊಡಿಸಿ, ಆಮೇಲೆ ಕಟ್ಟು ಬಿಚ್ಚಿ. ನಾನು ಮೊದಲು ಕಟ್ಟು ಕತ್ತರಿಸಿ, ಆಮೇಲೆ ಸ್ಟೂಲು ಹುಡುಕಲು ಹೋದೆ. ಬರುವಷ್ಟರಲ್ಲಿ ಸೀಲಿಂಗ್ ಫ್ಯಾನಿನ ಗಾಳಿಗೆ 400 ಮೀಟರ್ ನೂಲು ಜೇಡರ ಬಲೆಯಾಗಿತ್ತು. ಬಿಡಿಸಲು ಎರಡು ಮಧ್ಯಾಹ್ನ ಹಿಡಿಯಿತು. ಉಂಡೆಯನ್ನು ಒಂದು ಹಿತ್ತಾಳೆ ತಂಬಿಗೆಯಲ್ಲಿ ಇಟ್ಟುಕೊಳ್ಳಿ. ಉರುಳುವುದಿಲ್ಲ, ಫ್ಯಾನಿಗೆ ಹಾರುವುದಿಲ್ಲ, ನೂಲು ತಾನೇ ಬಿಚ್ಚಿಕೊಂಡು ಬರುತ್ತದೆ. ಕೈ ಬೆವರುವವರು ಅಂಗೈಗೆ ಚಿಟಿಕೆ ಪೌಡರ್ ಹಚ್ಚಿಕೊಂಡು, ಬೆಳಗಿನ ಹೊತ್ತು ಕೂರಿ. ಬಿಳಿ ನೂಲಾದರೆ ತೊಡೆ ಮೇಲೆ ಕಪ್ಪು ಬಟ್ಟೆ ಹಾಸಿಕೊಳ್ಳಿ, ತೂತು ಎಣಿಸಲು ಕಣ್ಣಿಗೆ ಸುಲಭ.

ಹೆಣೆಯುವುದು

ಈ ಅಲೆ ವಿನ್ಯಾಸ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳದ್ದು. ಅಲ್ಲಿ ಇದಕ್ಕೆ 'ಓಲ್ಡ್ ಶೇಲ್' ಎನ್ನುತ್ತಾರೆ. 18 ಕುಣಿಕೆಗೆ ಒಂದು ಅಲೆ. ನಾವು ನಾಲ್ಕು ಅಲೆ, ಎರಡು ಬದಿಗೆ 3-3 ಕುಣಿಕೆ ಅಂಚು ಇಟ್ಟುಕೊಳ್ಳೋಣ. ಒಟ್ಟು 78.

ಎರಡು ಕಡ್ಡಿ ಜೋಡಿಸಿ ಹಿಡಿದು ಅದರ ಮೇಲೆ 78 ಕುಣಿಕೆ ಹಾಕಿ, ಆಮೇಲೆ ಒಂದು ಕಡ್ಡಿ ಎಳೆದುಬಿಡಿ. ಮೊದಲ ಸಾಲು ಬಿಗಿಯಾದರೆ ಅಲೆ ಅರಳುವುದಿಲ್ಲ, ಅದಕ್ಕೇ ಈ ಉಪಾಯ. ಮೊದಲು 4 ಸಾಲು ಬರೀ ಸೀದಾ. ಇಲ್ಲಿಂದ ವಿನ್ಯಾಸ ಶುರು:

1ನೇ ಸಾಲು: ಪೂರ್ತಿ ಸೀದಾ.

2ನೇ ಸಾಲು: ಅಂಚಿನ 3 ಸೀದಾ, ನಡುವಿನ 72 ಉಲ್ಟಾ, ಅಂಚಿನ 3 ಸೀದಾ.

3ನೇ ಸಾಲು: ಅಂಚಿನ 3 ಸೀದಾ. ಈಗ ಎರಡು ಕುಣಿಕೆ ಕೂಡಿಸಿ ಒಂದಾಗಿ ಹೆಣೆಯಿರಿ, ಹೀಗೆ 3 ಸಲ. ಆಮೇಲೆ ನೂಲು ಮುಂದೆ ತಂದು ಕಡ್ಡಿಗೆ ಒಂದು ಸುತ್ತು, ಒಂದು ಸೀದಾ, ಹೀಗೆ 6 ಸಲ. ಮತ್ತೆ ಎರಡೆರಡು ಕೂಡಿಸಿ 3 ಸಲ. ಇಲ್ಲಿಗೆ ಒಂದು ಅಲೆ. ಇಂಥವು ನಾಲ್ಕು ಆದ ಮೇಲೆ ಅಂಚಿನ 3 ಸೀದಾ.

4ನೇ ಸಾಲು: ಪೂರ್ತಿ ಸೀದಾ. ಹಿಂಬದಿಯಿಂದ ಸೀದಾ ಹೆಣೆದದ್ದರಿಂದ ಮುಂದೆ ಒಂದು ಸಣ್ಣ ಏರು ಕಾಣುತ್ತದೆ, ಗದ್ದೆಯ ಬದುವಿನ ಹಾಗೆ.

ಇಷ್ಟೇ. ಮೂರು ಸಾಲಿಗೆ ತಲೆ ಬೇಕಿಲ್ಲ, ಮಾತಾಡುತ್ತ ಹೆಣೆಯಬಹುದು. ಮೂರನೆಯದಕ್ಕೆ ಮಾತ್ರ ಬಾಯಿ ಮುಚ್ಚಿ. ಅದರ ಜಮಾ-ಖರ್ಚು ನೋಡಿ: ಕೂಡಿಸಿದ್ದರಿಂದ 6 ಕುಣಿಕೆ ಹೋದವು, ಸುತ್ತಿದ್ದರಿಂದ 6 ಬಂದವು. 18 ಇದ್ದದ್ದು 18ಕ್ಕೇ ನಿಂತಿರಬೇಕು. ಪ್ರತಿ ಮೂರನೇ ಸಾಲಿನ ಕೊನೆಗೆ 78 ಇದೆಯೋ ಇಲ್ಲವೋ ಎಣಿಸಿಬಿಡಿ. ಒಂದು ಕಡಿಮೆ ಬಂದರೆ ಎಲ್ಲೋ ಸುತ್ತು ಮರೆತಿದ್ದೀರಿ. ಬಿಚ್ಚುವ ಅಗತ್ಯವಿಲ್ಲ. ನಾಲ್ಕನೇ ಸಾಲಿನಲ್ಲಿ ಆ ಜಾಗ ಬಂದಾಗ ಎರಡು ಕುಣಿಕೆ ನಡುವಿನ ಅಡ್ಡ ಎಳೆಯನ್ನು ಕಡ್ಡಿಗೆ ಏರಿಸಿಕೊಂಡು ಹೆಣೆದರೆ ಸರಿಹೋಗುತ್ತದೆ.

ಇನ್ನು ಬಿಚ್ಚಲೇಬೇಕಾದ ತಪ್ಪಿಗೆ ಮೊದಲೇ ಕಾವಲು ಇಡಬೇಕು. ಈ ನಾಲ್ಕು ಸಾಲು ಹತ್ತು ಸಲ ಮುಗಿದಾಗಲೊಮ್ಮೆ, ಸೂಜಿಗೆ ಬೇರೆ ಬಣ್ಣದ ಹೊಲಿಗೆ ದಾರ ಪೋಣಿಸಿ ಕಡ್ಡಿಯ ಮೇಲಿನ ಅಷ್ಟೂ ಕುಣಿಕೆಯೊಳಗಿಂದ ಹಾಯಿಸಿ ಬಿಡಿ. ಮುಂದೆ ಏನೇ ಎಡವಟ್ಟಾದರೂ ಕಡ್ಡಿ ಕಿತ್ತು ಜಗ್ಗಿದರೆ ಆ ದಾರದ ತನಕ ಬಿಚ್ಚಿ ನಿಲ್ಲುತ್ತದೆ. ಇದು ನನ್ನ ಅತ್ತೆಗೆ ಬಹಳ ಹಿಡಿಸಿತು. "ಕಾವಲು ದಾರ" ಎಂದು ಹೆಸರಿಟ್ಟಿದ್ದೂ ಅವರೇ. ಅಲ್ಲಿಯವರೆಗೆ "ರೊಕ್ಕ ಕೊಟ್ಟು ನೂಲು ತಂದು ತೂತು ಮಾಡಾಕ ಹತ್ತೀಯಲ್ಲವಾ" ಎನ್ನುತ್ತಿದ್ದವರು, ದಾರ ಹಾಕುವ ದಿನ ಕನ್ನಡಕ ಹಾಕಿಕೊಂಡು ತಾವೇ ಮುಂದೆ ಬರತೊಡಗಿದರು. ಕೌದಿ ಹೊಲಿದ ಕೈ, ಒಂದು ಕುಣಿಕೆಯೂ ತಪ್ಪುವುದಿಲ್ಲ.

ನಡುವೆ ನೂಲು ತೀರಿದರೆ ಗಂಟು ಹಾಕಬೇಡಿ, ತೆಳು ಬಟ್ಟೆಯಲ್ಲಿ ಅಕ್ಕಿಯ ಕಲ್ಲಿನ ಹಾಗೆ ಎದ್ದು ಕಾಣುತ್ತದೆ. ಎರಡು ತುದಿಯನ್ನು ನಾಲ್ಕು ಬೆರಳು ಒಂದರ ಮೇಲೊಂದು ಇಟ್ಟು, ನೀರು ಮುಟ್ಟಿಸಿ, ಅಂಗೈಯಲ್ಲಿ ಬಿಸಿ ಬರುವ ಹಾಗೆ ಹೊಸೆದರೆ ಉಣ್ಣೆ ತಾನೇ ಅಂಟಿಕೊಳ್ಳುತ್ತದೆ. ಲೇಬಲ್ ಮೇಲೆ 'ಸೂಪರ್‌ವಾಶ್' (ಮೆಷಿನ್ನಿನಲ್ಲಿ ಒಗೆದರೂ ಕುಗ್ಗದಂತೆ ಹದಮಾಡಿದ ಉಣ್ಣೆ) ಎಂದಿದ್ದರೆ ಮಾತ್ರ ಅಂಟುವುದಿಲ್ಲ. ಅದನ್ನು ಅಂಚಿನಲ್ಲಿ ಬದಲಿಸಿ, ತುದಿಯನ್ನು ಸೂಜಿಯಿಂದ ಒಳಗೆ ಹಾಯಿಸಿ.

ನನ್ನ ಶಾಲಿಗೆ ಈ ನಾಲ್ಕು ಸಾಲು 96 ಸಲ ಬಂದವು. ಹತ್ತಿರ ಹತ್ತಿರ 30 ಸಾವಿರ ಕುಣಿಕೆ. ಕೇಳಿದರೆ ಎದೆ ಒಡೆಯುತ್ತದೆ, ಹೆಣೆಯುವಾಗ ಹಾಗನ್ನಿಸುವುದಿಲ್ಲ. ದಪ್ಪ ನೂಲಿನಲ್ಲಿ ಕಣ್ಣು ಯಾವಾಗಲೂ ಮುಗಿಯುವುದರ ಮೇಲೆ. ಸಣ್ಣ ನೂಲಿನಲ್ಲಿ ಬೆರಳ ತುದಿಯಲ್ಲಿ ನೂಲು ಜಾರುವುದೇ ಒಂದು ಸುಖ, ಹಣ್ಣಾದ ಶಾವಿಗೆ ಹಿಟ್ಟು ಎಳೆದಂತೆ. ಮುಗಿಯಲಿ ಎಂಬ ಅವಸರ ನನಗಂತೂ ಬರಲಿಲ್ಲ.

ಕೊನೆಗೆ 4 ಸಾಲು ಸೀದಾ ಹೆಣೆದು ಮುಚ್ಚಿ. ಇಲ್ಲೂ ಕೈ ಸಡಿಲ ಇರಲಿ. ಎರಡು ಕುಣಿಕೆ ಕೂಡಿಸಿ ಸೀದಾ ಹೆಣೆದು, ಬಂದ ಒಂದನ್ನು ಮತ್ತೆ ಎಡಗಡ್ಡಿಗೆ ಹಾಕಿ, ಪಕ್ಕದ್ದರ ಜೊತೆ ಕೂಡಿಸಿ. ಹೀಗೇ ಕೊನೆಯತನಕ.

ನೀರು ತೋರಿಸುವುದು

ಕಡ್ಡಿಯಿಂದ ಇಳಿದ ಶಾಲು ನೋಡಿ ಬೇಸರವಾಗದವರಿಲ್ಲ. ಮುದುಡಿದ ಮಸಿಬಟ್ಟೆ. ಅಲೆಯೂ ಇಲ್ಲ, ತೂತೂ ಇಲ್ಲ. ನನ್ನ ಅತ್ತೆ "ಸೋಸಾಕ ಚಲೋ ಆಗ್ತದ" ಎಂದರು. ಈ ಹಂತ ಬಿಟ್ಟರೆ ಅಷ್ಟು ದಿನದ ಕೆಲಸ ನಿಜಕ್ಕೂ ಸೋಸುವುದಕ್ಕೇ.

ನಮ್ಮ ಬೋರಿನ ನೀರು ಗಡಸು. ಸೋಪು ಹಾಕಿದರೆ ನೊರೆ ಬರುವ ಬದಲು ಬಿಳಿ ಕಿಟ್ಟ ಕಟ್ಟಿ ನೂಲಿಗೆ ಹತ್ತಿಕೊಳ್ಳುತ್ತದೆ. ಅಂಟುವಾಳಕ್ಕೆ ಆ ದೋಷವಿಲ್ಲ. ನಾಲ್ಕು ಕಾಯಿ ರಾತ್ರಿ ನೆನೆಸಿ, ಕಿವುಚಿ, ಸೋಸಿದ ನೀರನ್ನು ಬಕೆಟ್ಟಿನ ತಣ್ಣೀರಿಗೆ ಬೆರೆಸಿ ಶಾಲನ್ನು ಅರ್ಧ ಗಂಟೆ ಮುಳುಗಿಸಿಡಿ. ತಿಕ್ಕಬೇಡಿ, ಹಿಂಡಬೇಡಿ. ಬೇರೆ ನೀರಿನಲ್ಲಿ ಅದ್ದಿ ತೆಗೆದು, ಟವೆಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ.

ಈಗ ಹಾಸಿಗೆಯ ಮೇಲೆ ಒಣ ಬೆಡ್‌ಶೀಟ್ ಹಾಸಿ, ಶಾಲನ್ನು ಉದ್ದಕ್ಕೂ ಅಗಲಕ್ಕೂ ಜಗ್ಗಿ, ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚುತ್ತ ಬನ್ನಿ. ಎರಡೂ ತುದಿಯಲ್ಲಿ ಪ್ರತಿ ಅಲೆಯ ನೆತ್ತಿಗೆ ಒಂದು ಪಿನ್. ಒದ್ದೆ ಉಣ್ಣೆ ಜಗ್ಗಿದಷ್ಟೂ ಬರುತ್ತದೆ, ಹಾಗೇ ಒಣಗಿದರೆ ಅದೇ ಆಕಾರ ನೆನಪಿಟ್ಟುಕೊಳ್ಳುತ್ತದೆ. ಒಂದೊಂದೇ ಪಿನ್ ಚುಚ್ಚುತ್ತಿದ್ದ ಹಾಗೆ ಮುದುಡಿದ್ದ ತೂತು ಒಂದೊಂದಾಗಿ ಕಣ್ಣು ಬಿಡುತ್ತದೆ. ಅಗಲ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, ಉದ್ದ ಒಂದೂವರೆ ಮೀಟರ್ ಆಸುಪಾಸು ಬರಬೇಕು. ಕೈ ಬಿಗಿ ಇದ್ದವರಿಗೆ ತುಸು ಕಡಿಮೆ. ಮಾಳಿಗೆ ಮೇಲೆ ಒಣಹಾಕಬೇಡಿ. ಬಿಸಿಲಿಗೆ ಬಣ್ಣ ಹೋಗುತ್ತದೆ, ಗಾಳಿಯಲ್ಲಿ ಬರುವ ಅದಿರಿನ ಕೆಂಪು ದೂಳು ಹೊಸ ಬಣ್ಣ ಕೊಡುತ್ತದೆ. ಕೋಣೆಯ ನೆರಳಲ್ಲೇ ಸಾಕು. ನಮ್ಮೂರ ಬೇಸಿಗೆ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ, ಊಟ ಮುಗಿಸಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಒಣಗಿರುತ್ತದೆ.

ಉಳಿದ ನೂಲಿನಲ್ಲಿ, ಅಂಚು ಬಿಟ್ಟು ಎರಡೇ ಅಲೆಯಿಟ್ಟು, ಕೂಸಿನ ಕುಂಚಿಗೆಗೆ ಸುತ್ತಲಿನ ಪಟ್ಟಿ ಮಾಡಬಹುದು.

ಶೆಟ್ಲೆಂಡಿನ ಹೆಂಗಸರು ಹೆಣೆದ ಶಾಲು ಮದುವೆಯ ಉಂಗುರದೊಳಗೆ ಹಾದುಹೋಗುತ್ತಿತ್ತು, ರಷ್ಯಾದ ಓರೆನ್‌ಬುರ್ಗ್‌ನ ಶಾಲಿನದೂ ಅದೇ ಖ್ಯಾತಿ. ನಾನೂ ಪರೀಕ್ಷೆ ಮಾಡಿದೆ. ಅತ್ತೆಯ ಬೆರಳಿನ ಉಂಗುರ ಇಸಿದುಕೊಂಡು, ಶಾಲಿನ ಒಂದು ತುದಿ ತೂರಿಸಿ ಮೆಲ್ಲಗೆ ಎಳೆದೆ. ಇಡೀ ಶಾಲು ಸರ್ರನೆ ಆಚೆ ಬಂತು. ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಮರುದಿನ ಓಣಿಯ ನಾಲ್ಕು ಜನರನ್ನು ಕರೆದು ಮತ್ತೆ ಮಾಡಿಸಿದರು. ಶೆಟ್ಲೆಂಡಿನ ಶಾಲು ಆರು ಅಡಿ ಚೌಕದ್ದು, ನನ್ನದು ಬರೀ ಒಂದಡಿ ಚಿಲ್ಲರೆ ಅಗಲದ್ದು, ಅಷ್ಟು ಕಿರಿದಾದದ್ದು ಹಾದುಹೋಗುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಅದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.