ಒಂದು ವೇರಿಯಬಲ್, ಹಲವು ಲೈಬ್ರರಿ: ಪ್ರತಿಗಳಾಗದಂತೆ ಕಟ್ಟುವ ಕ್ರಮ

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಿ ಭಾಷೆಯ ಪ್ರಯೋಗ ಮಾಡಿಸುವಾಗ ನಾನು ತುಂಗಭದ್ರಾ ಜಲಾಶಯವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನೀರಿನ ಮಟ್ಟ ಒಂದು ಗ್ಲೋಬಲ್ ವೇರಿಯಬಲ್, ಅಂದರೆ ಪ್ರೋಗ್ರಾಂನ ಎಲ್ಲ ಭಾಗಗಳಿಗೂ ಸಿಗುವ ಬೆಲೆ. ಕೊಪ್ಪಳ, ರಾಯಚೂರಿನ ಕಡೆ ಹರಿಯುವ ಎಡದಂಡೆ ಕಾಲುವೆಯ ಲೆಕ್ಕ ಒಂದು ಶೇರ್ಡ್ ಲೈಬ್ರರಿಯಲ್ಲಿ (ಪ್ರೋಗ್ರಾಂ ಓಡುವಾಗ ಹೊರಗಿನಿಂದ ಸೇರಿಕೊಳ್ಳುವ ಕೋಡಿನ ಫೈಲು), ನಮ್ಮ ಕಡೆ ಬರುವ ಬಲದಂಡೆಯ ಲೆಕ್ಕ ಇನ್ನೊಂದರಲ್ಲಿ. ಮುಖ್ಯ ಪ್ರೋಗ್ರಾಂ ಆ ವೇರಿಯಬಲ್‌ಗೆ ಪೂರ್ಣ ಮಟ್ಟವಾದ 1,633 ಅಡಿಯನ್ನು ತುಂಬಿದ ಮೇಲೆ ಎರಡೂ ಲೈಬ್ರರಿಗಳು ಅದೇ ಸಂಖ್ಯೆಯನ್ನು ಓದಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿನಿಯ ಪರದೆಯ ಮೇಲೆ ಎರಡು ಕಾಲುವೆಗಳೂ ಸೊನ್ನೆ ತೋರಿಸಿದವು. ಕಂಪೈಲರ್ ಯಾವ ತಪ್ಪನ್ನೂ ಹೇಳಿರಲಿಲ್ಲ.

ಆಕೆ ವೇರಿಯಬಲ್ಲನ್ನು ಹೆಡರ್ ಫೈಲಿನಲ್ಲೇ ಬರೆದಿದ್ದಳು. ಹೆಡರನ್ನು ಸೇರಿಸಿಕೊಂಡ ಪ್ರತಿಯೊಂದು ಫೈಲಿನಲ್ಲೂ ಹೊಸ ವೇರಿಯಬಲ್ ಹುಟ್ಟಿದ್ದರಿಂದ ಕಂಪೈಲಾದ ಫೈಲುಗಳನ್ನು ಜೋಡಿಸುವ ಲಿಂಕರ್ ಮೊದಲು ‘ಮಲ್ಟಿಪಲ್ ಡೆಫಿನಿಷನ್’ (ಒಂದೇ ಹೆಸರು ಹಲವೆಡೆ) ಎಂದು ತಡೆದಿತ್ತು. (2020ರಲ್ಲಿ ಬಂದ ಜಿಸಿಸಿ ಕಂಪೈಲರ್ 10ಕ್ಕಿಂತ ಹಿಂದಿನ ಆವೃತ್ತಿಗಳು ಆರಂಭಿಕ ಬೆಲೆಯಿಲ್ಲದ ಇಂಥ ವೇರಿಯಬಲ್‌ಗಳನ್ನು ಸದ್ದಿಲ್ಲದೆ ಒಂದಾಗಿಸುತ್ತಿದ್ದವು; ಹಳೆಯ ಪ್ರೋಗ್ರಾಂಗಳು ಈಗ ಏಕಾಏಕಿ ಮುಷ್ಕರ ಹೂಡುವುದಕ್ಕೆ ಇದೂ ಒಂದು ಕಾರಣ.) ಆ ದೋಷವನ್ನು ನೀಗಲು ಆಕೆ ಮುಂದೆ ‘ಸ್ಟ್ಯಾಟಿಕ್’ ಎಂದು ಸೇರಿಸಿದಳು. ಲಿಂಕರ್ ಸುಮ್ಮನಾಯಿತು, ಆದರೆ ಪ್ರತಿ ಫೈಲಿಗೂ ತನ್ನದೇ ಖಾಸಗಿ ಜಲಾಶಯ ಸಿಕ್ಕಿತು.

ಆದ್ದರಿಂದ ಮೊದಲ ಕೆಲಸ, ವೇರಿಯಬಲ್ಲಿಗೆ ಒಬ್ಬನೇ ಯಜಮಾನನನ್ನು ಗೊತ್ತುಮಾಡುವುದು. ‘ಜಲಾಶಯ’ ಎಂಬ ಮೂರನೆಯ ಶೇರ್ಡ್ ಲೈಬ್ರರಿಯನ್ನು ಮಾಡಿ, ಅದರ ಒಂದೇ ಒಂದು ಸಿ ಫೈಲಿನಲ್ಲಿ ‘ಇಂಟ್ ಮಟ್ಟ = 0;’ ಎಂದು ಬರೆಯಿರಿ. ಹೆಡರಿನಲ್ಲಿ ಇರಬೇಕಾದದ್ದು ‘ಎಕ್ಸ್‌ಟರ್ನ್ ಇಂಟ್ ಮಟ್ಟ;’ ಎಂಬ ಘೋಷಣೆ ಮಾತ್ರ. ಮೂರು ಲೈಬ್ರರಿಗಳನ್ನೂ ‘-ಎಫ್‌ಪಿಐಸಿ’ (ಕೋಡ್ ಮೆಮೊರಿಯ ಯಾವ ವಿಳಾಸದಲ್ಲಾದರೂ ಓಡುವಂತೆ ಮಾಡುವ) ಆಯ್ಕೆಯೊಂದಿಗೆ ಕಂಪೈಲ್ ಮಾಡಿ, ಎಡದಂಡೆ, ಬಲದಂಡೆ ಮತ್ತು ಮುಖ್ಯ ಪ್ರೋಗ್ರಾಂ ಮೂರನ್ನೂ ‘ಜಲಾಶಯ’ಕ್ಕೆ ಲಿಂಕ್ ಮಾಡಿರಿ.

ಇಷ್ಟಕ್ಕೇ ನಂಬಿ ಕೂರಬೇಡಿ, ಪರೀಕ್ಷಿಸಿ. ಲಿನಕ್ಸ್‌ನಲ್ಲಿ ಹೆಸರುಗಳ ಪಟ್ಟಿ ಕೊಡುವ ‘ಎನ್‌ಎಂ -ಡಿ’ (ಡಿ ದೊಡ್ಡಕ್ಷರ) ಆಜ್ಞೆಯನ್ನು ಪ್ರತಿ ಲೈಬ್ರರಿಯ ಮೇಲೂ ಓಡಿಸಿದರೆ, ಯಜಮಾನ ಲೈಬ್ರರಿಯಲ್ಲಿ ‘ಮಟ್ಟ’ದ ಎದುರು ದೊಡ್ಡಕ್ಷರದ ಬಿ ಅಥವಾ ಡಿ ಕಾಣಬೇಕು, ಉಳಿದೆರಡರಲ್ಲಿ ‘ಹೊರಗಿನಿಂದ ಬರಬೇಕು’ ಎಂದು ಸೂಚಿಸುವ ಯು ಕಾಣಬೇಕು. ‘-ಡಿ’ ಇಲ್ಲದೆ ಓಡಿಸಿದಾಗ ಚಿಕ್ಕಕ್ಷರದ ಬಿ ಅಥವಾ ಡಿ ಕಂಡರೆ ಅಲ್ಲಿ ಖಾಸಗಿ ಪ್ರತಿಯೊಂದು ಅಡಗಿದೆ ಎಂದರ್ಥ. ಮುಖ್ಯ ಪ್ರೋಗ್ರಾಂನಲ್ಲಿ ಮಾತ್ರ ದೊಡ್ಡಕ್ಷರದ ಬಿ ಕಂಡರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಅಲ್ಲಿ ನಡೆಯುವುದು ‘ಕಾಪಿ ರಿಲೊಕೇಷನ್’: ಲಿಂಕರ್ ಮುಖ್ಯ ಪ್ರೋಗ್ರಾಂನೊಳಗೇ ವೇರಿಯಬಲ್ಲಿಗೆ ಜಾಗ ಕಾದಿರಿಸುತ್ತದೆ, ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ಮೆಮೊರಿಗೆ ತರುವ ಲೋಡರ್, ಲೈಬ್ರರಿಯಲ್ಲಿರುವ ಆರಂಭಿಕ ಬೆಲೆಯನ್ನು ಅಲ್ಲಿಗೆ ನಕಲಿಸುತ್ತದೆ, ಆಮೇಲೆ ಲೈಬ್ರರಿಗಳೂ ತಮ್ಮ ವಿಳಾಸಪಟ್ಟಿಯ ಮೂಲಕ ಆ ಹೊಸ ಜಾಗವನ್ನೇ ನೋಡುತ್ತವೆ. ಆದರೆ ಯಜಮಾನ ಲೈಬ್ರರಿಯನ್ನು ಲಿಂಕ್ ಮಾಡುವಾಗ ‘-ಬಿಸಿಂಬಾಲಿಕ್’ ಆಯ್ಕೆ ಕೊಟ್ಟರೆ ಅದು ತನ್ನ ಹಳೆಯ ಜಾಗವನ್ನೇ ಹಿಡಿದು ಕೂರುವುದರಿಂದ ಮತ್ತೆ ಎರಡು ಪ್ರತಿಗಳಾಗುತ್ತವೆ.

ಯಜಮಾನನನ್ನು ಶೇರ್ಡ್ ಲೈಬ್ರರಿಯ ಬದಲು ಸ್ಟ್ಯಾಟಿಕ್ ಲೈಬ್ರರಿ (ಲಿಂಕ್ ಮಾಡುವಾಗಲೇ ನಕಲಾಗಿ ಒಳಸೇರುವ ಲೈಬ್ರರಿ) ಮಾಡಿ ಎರಡೂ ಕಾಲುವೆ ಲೈಬ್ರರಿಗಳೊಳಗೆ ಸೇರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಲಿನಕ್ಸ್‌ನಲ್ಲಿ ಹೊರಗೆ ಕಾಣುವ ಹೆಸರು ಹಲವೆಡೆ ಇದ್ದರೆ ಲೋಡರ್ ಹುಡುಕುವ ಕ್ರಮದಲ್ಲಿ ಮೊದಲು ಸಿಕ್ಕಿದ್ದನ್ನೇ ಎಲ್ಲರಿಗೂ ಕೊಡುವುದರಿಂದ ಈ ತಪ್ಪು ಬಹುಕಾಲ ಬಯಲಾಗುವುದಿಲ್ಲ. ಯಾರಾದರೂ ಹೆಸರುಗಳನ್ನು ಹೊರಗೆ ಕಾಣದಂತೆ ಮಾಡುವ ‘-ಎಫ್‌ವಿಸಿಬಿಲಿಟಿ=ಹಿಡನ್’ ಹಾಕಿದ ದಿನ, ಅಥವಾ ಪ್ರೋಗ್ರಾಂ ಓಡುತ್ತಿರುವಾಗಲೇ ಲೈಬ್ರರಿ ತೆರೆಯುವ ‘ಡಿಎಲ್‌ಓಪನ್’ ಫಂಕ್ಷನ್ ಮೂಲಕ ಲೈಬ್ರರಿಗಳನ್ನು ಸ್ಥಳೀಯ ವ್ಯಾಪ್ತಿಯಲ್ಲಿ ತೆರೆದ ದಿನ, ಪ್ರತಿಗಳು ಬೇರೆಯಾಗುತ್ತವೆ. ವಿಂಡೋಸ್‌ನಲ್ಲಂತೂ ಪ್ರತಿ ಡಿಎಲ್‌ಎಲ್‌ಗೂ (ಅಲ್ಲಿನ ಶೇರ್ಡ್ ಲೈಬ್ರರಿ) ಮೊದಲಿನಿಂದಲೇ ಬೇರೆ ಪ್ರತಿ. ಅಲ್ಲಿ ಯಜಮಾನನು ‘ಡಿಎಲ್‌ಎಲ್‌ಎಕ್ಸ್‌ಪೋರ್ಟ್’ ಎಂದೂ ಬಳಸುವವರು ‘ಡಿಎಲ್‌ಎಲ್‌ಇಂಪೋರ್ಟ್’ ಎಂದೂ ಗುರುತಿಸಲೇಬೇಕು.

ಬಹುಕಾಲ ಬಾಳಬೇಕಾದ ಪ್ರೋಗ್ರಾಂ ಆಗಿದ್ದರೆ ವೇರಿಯಬಲ್ಲನ್ನು ನೇರವಾಗಿ ಹೊರಗಿಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ ಅಣೆಕಟ್ಟಿನ 33 ಗೇಟುಗಳ ಸ್ಥಿತಿಯನ್ನು ಒಂದು ಗ್ಲೋಬಲ್ ಅರೇಯಲ್ಲಿ ಇಟ್ಟಿದ್ದೀರಿ, ಮುಂದಿನ ಆವೃತ್ತಿಯಲ್ಲಿ ಪ್ರತಿ ಗೇಟಿಗೂ ಇನ್ನೊಂದು ಮಾಹಿತಿ ಸೇರಿಸಿದಿರಿ ಎಂದುಕೊಳ್ಳಿ. ಹಳೆಯ ಮುಖ್ಯ ಪ್ರೋಗ್ರಾಂ ಕಾಪಿ ರಿಲೊಕೇಷನ್‌ಗಾಗಿ ಹಳೆಯ ಅಳತೆಯ ಜಾಗವನ್ನಷ್ಟೇ ಕಾದಿರಿಸಿರುವುದರಿಂದ, ಹೊಸ ಲೈಬ್ರರಿ ಅದರಾಚೆಗೂ ಬರೆದು ಅಕ್ಕಪಕ್ಕದ ಮಾಹಿತಿಯನ್ನು ಕೆಡಿಸಬಹುದು. ಲೋಡರ್ ಅಳತೆ ಹೊಂದುತ್ತಿಲ್ಲವೆಂದು ಎಚ್ಚರಿಸಿದರೂ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ವೇರಿಯಬಲ್ಲನ್ನು ‘ಜಲಾಶಯ’ದೊಳಗೆ ಸ್ಟ್ಯಾಟಿಕ್ ಆಗಿ ಇಟ್ಟು (ಒಂದೇ ಸಿ ಫೈಲಿನಲ್ಲಿ ಇರುವುದರಿಂದ ಇಲ್ಲಿ ಆ ಪದ ಸರಿಯಾದ ಜಾಗದಲ್ಲಿದೆ) ‘ಮಟ್ಟ_ಓದು’, ‘ಮಟ್ಟ_ಬರೆ’ ಎಂಬ ಎರಡು ಫಂಕ್ಷನ್‌ಗಳನ್ನು ಮಾತ್ರ ಹೊರಗೆ ಕೊಟ್ಟರೆ ಈ ತೊಡಕು ಬರುವುದಿಲ್ಲ. ಹಲವು ಥ್ರೆಡ್‌ಗಳು ಒಟ್ಟಿಗೆ ಬರೆಯುವಂತಿದ್ದರೆ ಲಾಕ್ ಹಾಕಲೂ ಅದೇ ತಾಣ.

‘ಶೇರ್ಡ್’ ಎಂಬ ಹೆಸರು ಕೇಳಿ, ಲೈಬ್ರರಿಯ ವೇರಿಯಬಲ್ ಏಕಕಾಲಕ್ಕೆ ಓಡುವ ಎರಡು ಪ್ರೋಗ್ರಾಂಗಳ ನಡುವೆಯೂ ಹಂಚಿಕೆಯಾಗುತ್ತದೆ ಎಂದು ಹಲವರು ತಿಳಿಯುತ್ತಾರೆ. ಹಂಚಿಕೆಯಾಗುವುದು ಕೋಡ್ ಮತ್ತು ಬದಲಾಗದ ಮಾಹಿತಿ ಮಾತ್ರ. ಬರೆಯಬಹುದಾದ ಮಾಹಿತಿ ಪ್ರತಿ ಪ್ರೋಗ್ರಾಂಗೂ ಬೇರೆಯೇ.

ಕೊನೆಗೆ ‘ಎಲ್‌ಡಿ_ಡೀಬಗ್=ಬೈಂಡಿಂಗ್ಸ್’ ಎಂದು ಮುಂದಿಟ್ಟು ಪ್ರೋಗ್ರಾಂ ಓಡಿಸಿ, ಯಾವ ಫೈಲಿನ ಹೆಸರು ಯಾವ ಫೈಲಿಗೆ ಬೆಸೆದುಕೊಂಡಿತು ಎಂಬ ಸಾಲುಗಳನ್ನು ಓದಿರಿ. ಆ ವಿದ್ಯಾರ್ಥಿನಿಯ ಪ್ರೋಗ್ರಾಂ ತಿದ್ದಿದ ಮೇಲೆ ಎರಡೂ ಕಾಲುವೆ ಲೈಬ್ರರಿಗಳ ‘ಮಟ್ಟ_ಓದು’ ಒಂದೇ ‘ಜಲಾಶಯ’ಕ್ಕೆ ಬೆಸೆದಿತ್ತು, ಪರದೆಯ ಮೇಲೆ ಎರಡು ಕಡೆಯೂ 1,633 ಎಂದಿತ್ತು.