ಅಮೆರಿಕದಲ್ಲಿ ಊರು ಬದಲಾದರೆ ಟಿವಿ ಷೋ ಚಾನೆಲ್ ಯಾಕೆ ಬದಲಾಗುತ್ತದೆ?

ಅಮೆರಿಕದಲ್ಲಿ ಕೆಲಸ ಬದಲಾಯಿಸಿ ಬೇರೆ ಊರಿಗೆ ಹೋದವರು ಇದನ್ನು ಗಮನಿಸಿರಬಹುದು. ಹಳೇ ಊರಲ್ಲಿ ಎಬಿಸಿಯಲ್ಲಿ ನೋಡುತ್ತಿದ್ದ ‘ಜೆಪರ್ಡಿ’ ಎಂಬ ಕ್ವಿಜ್ ಷೋ ಹೊಸ ಊರಲ್ಲಿ ಸಿಬಿಎಸ್ ಚಾನೆಲ್ಲಿನಲ್ಲಿ, ಅದೂ ಬೇರೆ ಹೊತ್ತಿಗೆ ಬರುತ್ತದೆ. ಜೀ ಕನ್ನಡದ ಧಾರಾವಾಹಿ ಬೀದರಿನಲ್ಲೂ ಚಾಮರಾಜನಗರದಲ್ಲೂ ಒಂದೇ ಹೊತ್ತಿಗೆ ಶುರುವಾಗುತ್ತದೆ. ಅದನ್ನೇ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅಲ್ವಾ?

ವಿಷಯ ಇಷ್ಟೇ. ಅಮೆರಿಕದಲ್ಲಿ ಸರ್ಕಾರದ ಲೈಸೆನ್ಸ್ ಇರುವುದು ದೇಶಕ್ಕೆಲ್ಲ ಕಾರ್ಯಕ್ರಮ ಒದಗಿಸುವ ಎಬಿಸಿ, ಎನ್‌ಬಿಸಿಯಂಥ ನೆಟ್‌ವರ್ಕಿಗಲ್ಲ, ಆಯಾ ಊರಿನ ಸ್ಟೇಷನ್ನಿಗೆ. ಕೊಡುವುದು ಎಫ್‌ಸಿಸಿ, ಅಂದರೆ ರೇಡಿಯೋ, ಟಿವಿ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ. ನೀವು ‘ಎಬಿಸಿ’ ಅನ್ನುವುದು ಹೆಚ್ಚಿನ ಕಡೆ ಯಾರದೋ ಸ್ಥಳೀಯ ಸ್ಟೇಷನ್. ರಾತ್ರಿ ಧಾರಾವಾಹಿ, ರಾಷ್ಟ್ರೀಯ ಸುದ್ದಿ, ದೊಡ್ಡ ಪಂದ್ಯಗಳನ್ನು ನೆಟ್‌ವರ್ಕ್ ಕೊಡುತ್ತದೆ. ಉಳಿದ ಹೊತ್ತನ್ನು ಸ್ಟೇಷನ್ನೇ ತುಂಬಿಕೊಳ್ಳಬೇಕು. ಅದಕ್ಕೆ ಹೊರಗಿನ ಕಂಪನಿಗಳಿಂದ ಷೋ ಕೊಳ್ಳುತ್ತಾರೆ. ಇದೇ ಸಿಂಡಿಕೇಷನ್. ಯಾವ ಊರಲ್ಲಿ ಯಾವ ಸ್ಟೇಷನ್ ಕೊಂಡಿತೋ ಅಲ್ಲಿ ಆ ಷೋ.

ಹಾಗಾದರೆ ಇಷ್ಟು ಸ್ಟೇಷನ್ನುಗಳವರು ಕೊಳ್ಳುತ್ತಿದ್ದುದು ಎಲ್ಲಿ? ಇಲ್ಲಿ ಬರುತ್ತದೆ ನ್ಯಾಟ್‌ಪಿ, ಅಂದರೆ ನ್ಯಾಷನಲ್ ಅಸೋಸಿಯೇಷನ್ ಆಫ್ ಟೆಲಿವಿಷನ್ ಪ್ರೋಗ್ರಾಂ ಎಕ್ಸಿಕ್ಯೂಟಿವ್ಸ್. 1963ರಲ್ಲಿ ಶುರುವಾದ ಸಂಘ. ತಮ್ಮ ಸ್ಟೇಷನ್ನಿನಲ್ಲಿ ಏನು ಹಾಕಬೇಕೆಂದು ತೀರ್ಮಾನಿಸುವ ಪ್ರೋಗ್ರಾಂ ಡೈರೆಕ್ಟರುಗಳ ಕೂಟ ಅದು. ಮಾಲೀಕರಿಗೂ ಎಂಜಿನಿಯರುಗಳಿಗೂ ಮೊದಲೇ ಬೇರೆ ದೊಡ್ಡ ಸಂಘ ಇತ್ತು.

ಈ ಕೂಟವನ್ನು ಸಂತೆ ಮಾಡಿದ್ದು ಒಂದು ಸರ್ಕಾರಿ ನಿಯಮ. ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರೇ ನೆಟ್‌ವರ್ಕ್ ಸೇರಿ ಇಡೀ ಸಂಜೆಯನ್ನು ನುಂಗುತ್ತಿವೆ ಎಂದು ಎಫ್‌ಸಿಸಿಗೆ ಅನ್ನಿಸಿತು. ದೊಡ್ಡ 50 ಟಿವಿ ಮಾರುಕಟ್ಟೆಗಳಲ್ಲಿ (ಅಂದರೆ ಊರು ಮತ್ತು ಅದರ ಸುತ್ತಲಿನ ಪ್ರದೇಶ) ಸಂಜೆಯ ನಾಲ್ಕು ತಾಸಿನಲ್ಲಿ ಮೂರೇ ತಾಸು ನೆಟ್‌ವರ್ಕಿಗೆ ಎಂದು 1971ರಿಂದ ಕಟ್ಟು ಹಾಕಿತು. ಉಳಿದ ಒಂದು ತಾಸಿನಲ್ಲಿ ಊರಿನ ಕಾರ್ಯಕ್ರಮ ಬರಲಿ ಎಂಬ ಆಸೆ. ಬಂದದ್ದು ಮಾತ್ರ ಜಾಸ್ತಿ ಗೇಮ್ ಷೋಗಳೇ! 1983ರಲ್ಲಿ ‘ವ್ಹೀಲ್ ಆಫ್ ಫಾರ್ಚೂನ್’, ಮರುವರ್ಷ ‘ಜೆಪರ್ಡಿ’ ಹೀಗೇ ಸಂಜೆ ಹೊತ್ತಿಗೆ ಮಾರಾಟವಾದವು. ಮಾರಿದ ಕಿಂಗ್ ವರ್ಲ್ಡ್ ಕಂಪನಿಯೇ 1986ರಲ್ಲಿ ಓಪ್ರಾ ವಿನ್‌ಫ್ರಿಯ ಟಾಕ್ ಷೋವನ್ನು ದೇಶಕ್ಕೆಲ್ಲ ಕೊಟ್ಟಿತು. ಕೊಳ್ಳುವವರು ರೊಕ್ಕವನ್ನೇ ಕೊಡಬೇಕೆಂದಿರಲಿಲ್ಲ. ಷೋ ಮಧ್ಯದ ಒಂದಿಷ್ಟು ಜಾಹೀರಾತು ಹೊತ್ತನ್ನು ಮಾರುವವನಿಗೇ ಬಿಟ್ಟುಕೊಟ್ಟರೂ ನಡೆಯುತ್ತಿತ್ತು. ಲಾಸ್ ವೇಗಸ್, ನ್ಯೂ ಆರ್ಲಿಯನ್ಸಿನ ನ್ಯಾಟ್‌ಪಿ ಸಮಾವೇಶಗಳಲ್ಲಿ ಸ್ಟುಡಿಯೋಗಳು ಭಾರೀ ಮಳಿಗೆ ಹಾಕಿ, ತಾರೆಯರನ್ನು ಕರೆತಂದು, ಊಟ ಹಾಕಿ ವ್ಯಾಪಾರ ಕುದುರಿಸುತ್ತಿದ್ದವು.

ಸಂತೆ ಮುರಿದದ್ದೂ ಕಾನೂನು ಬದಲಾದ ಮೇಲೆಯೇ. ಸಿಂಡಿಕೇಷನ್ ವ್ಯಾಪಾರದಿಂದ ನೆಟ್‌ವರ್ಕುಗಳನ್ನು ದೂರ ಇಟ್ಟಿದ್ದ ಇನ್ನೊಂದು ನಿಯಮ 1990ರ ದಶಕದಲ್ಲಿ ಹೋಯಿತು. 1996ರಲ್ಲಿ ಸಂಜೆಯ ಕಟ್ಟೂ ಹೋಯಿತು. ಅದೇ ವರ್ಷದ ಟೆಲಿಕಾಂ ಕಾಯ್ದೆ, ಒಬ್ಬರು ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕೆಂಬ ದೇಶಮಟ್ಟದ ಲೆಕ್ಕವನ್ನು ತೆಗೆದುಹಾಕಿತು. ಎಷ್ಟು ಮನೆಗಳನ್ನು ತಲುಪಬಹುದು ಎಂಬ ಮಿತಿಯಷ್ಟೇ ಉಳಿಯಿತು. ನೆಕ್ಸ್‌ಸ್ಟಾರ್, ಸಿಂಕ್ಲೇರ್, ಗ್ರೇಯಂಥ ಗುಂಪುಗಳು ಸ್ಟೇಷನ್ನುಗಳನ್ನು ಕೊಳ್ಳುತ್ತಾ ಹೋದವು. ಹತ್ತಾರು ಊರಿನ ಖರೀದಿ ಒಂದೇ ಆಫೀಸಿನಲ್ಲಿ ಮುಗಿಯುವಾಗ ಮಳಿಗೆ ಯಾಕೆ ಬೇಕು? 2002ರಲ್ಲಿ ದೊಡ್ಡ ಸ್ಟುಡಿಯೋಗಳು ಮಳಿಗೆ ಬಿಟ್ಟು ಹೋಟೆಲ್ ಕೋಣೆಗಳಲ್ಲಿ ಕೂತವು. 2011ರಲ್ಲಿ ಸಮಾವೇಶ ಮಯಾಮಿ ಬೀಚಿಗೆ ಹೋಯಿತು, ಲ್ಯಾಟಿನ್ ಅಮೆರಿಕದ ಗಿರಾಕಿಗಳಿಗೆ ಹತ್ತಿರವಾಯಿತು. ಆಮೇಲೆ ಕೋವಿಡ್ ಹೊಡೆತ. 2022ರ ಅಕ್ಟೋಬರಿನಲ್ಲಿ ಸಂಘ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ಕೆನಡಾದ ಬ್ರೂನಿಕೋ ಕಂಪನಿ ಅದನ್ನು ಕೊಂಡಿತು. ನನ್ನ ಪ್ರಕಾರ ಆಗ ಉಳಿದದ್ದು ಹೆಸರು ಮತ್ತು ಸಮಾವೇಶ. ಸದಸ್ಯರೇ ನಡೆಸುವ ಸಂಘ ಅಲ್ಲಿಗೆ ಮುಗಿಯಿತು.

ಇದರಿಂದ ನಮಗೇನು ಅಂತೀರಾ? ನಿಮ್ಮ ಕನ್ನಡ ಕೂಟದ ಯುಗಾದಿ ಸುದ್ದಿಯಾಗಬೇಕಿದ್ದರೆ ಸುಮ್ನೆ ನ್ಯೂಯಾರ್ಕಿನ ನೆಟ್‌ವರ್ಕ್ ಆಫೀಸಿಗೆ ಬರೆಯಬೇಡಿ. ಊರಿನ ಸ್ಟೇಷನ್ನಿನ ನ್ಯೂಸ್ ವಿಭಾಗಕ್ಕೆ ಫೋನ್ ಮಾಡಿ, ಯಾವ ಸುದ್ದಿಗೆ ಯಾರನ್ನು ಕಳಿಸಬೇಕೆಂದು ನೋಡಿಕೊಳ್ಳುವ ಅಸೈನ್‌ಮೆಂಟ್ ಡೆಸ್ಕ್ ಕೇಳಿ. ಸ್ಟೇಷನ್ ಯಾರ ಕೈಯಲ್ಲಿದೆ ಎಂದು ತಿಳಿಯಬೇಕೆ? ಪ್ರತಿ ಸ್ಟೇಷನ್ನಿನ ಪಬ್ಲಿಕ್ ಫೈಲ್, ಅಂದರೆ ಯಾರು ಬೇಕಾದರೂ ನೋಡಬಹುದಾದ ದಾಖಲೆ, ಎಫ್‌ಸಿಸಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದೂರಿದ್ದರೂ ಮೊದಲು ಸ್ಟೇಷನ್ನಿಗೇ ಬರೆಯಿರಿ. ಎಂಟು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಣಕ್ಕೆ ಬಂದಾಗ ಊರಿನವರು ಎಫ್‌ಸಿಸಿಗೂ ಅಭಿಪ್ರಾಯ ಕಳಿಸಬಹುದು.