ಹೊರದೇಶದ ಕೆಲಸಕ್ಕೆ ಒಪ್ಪುವ ಮುನ್ನ
ಹೊರದೇಶದಲ್ಲಿ ಕೆಲಸ ಕೊಡಿಸುವುದಾಗಿ ಹೇಳಿ ದಲ್ಲಾಳಿ ಮುಂಗಡ ಹಣ ಕೇಳಿದರೆ ಅಲ್ಲಿಯೇ ತಡೆದು ಯೋಚಿಸಬೇಕು. ನೇಮಕಾತಿ ಶುಲ್ಕವನ್ನು ಕೆಲಸಗಾರರಿಂದ ವಸೂಲಿ ಮಾಡಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯ ಸಾಮಾನ್ಯ ನಿಯಮ. ಸಾಲ ಮಾಡಿ ಹೊರಟವರು ಸಂಬಳ ಬಾರದಿದ್ದರೂ ಕೆಲಸ ಬಿಡಲಾರರು, ಏಕೆಂದರೆ ಬಡ್ಡಿ ಮನೆಯವರ ತಲೆಯ ಮೇಲೆ ಬೆಳೆಯುತ್ತಲೇ ಇರುತ್ತದೆ.

ಒಪ್ಪಂದವು ನಿಮಗೆ ಅರ್ಥವಾಗುವ ಭಾಷೆಯಲ್ಲಿದ್ದು, ಸಂಬಳ, ಕಡಿತ, ಕೆಲಸದ ಅವಧಿ, ವಸತಿ ಎಲ್ಲವನ್ನೂ ತಿಳಿಸಬೇಕು. ಅಲ್ಲಿಗೆ ತಲುಪಿದ ಮೇಲೆ ಕಡಿಮೆ ಸಂಬಳದ ಬೇರೊಂದು ಕರಾರನ್ನು ಮುಂದಿಟ್ಟು ಸಹಿ ಹಾಕಿಸಿಕೊಳ್ಳುವುದು ಹಳೆಯ ಚಾಳಿ (ಬಹಳ ಜನ ಮೋಸಹೋಗುವುದು ಇಲ್ಲಿಯೇ); ಆದ್ದರಿಂದ ಮೊದಲ ಪ್ರತಿಯ ಫೋಟೊ ಮನೆಯವರ ಬಳಿ ಇರಲಿ. ಕೆಲಸಕ್ಕೆಂದು ಪ್ರವಾಸಿ ವೀಸಾ ಕೊಟ್ಟರೆ ಹೊರಡಬೇಡಿ. ಭದ್ರತೆಯ ನೆಪದಲ್ಲಿ ಮಾಲೀಕರು ಕೇಳಿದರೂ ಪಾಸ್‌ಪೋರ್ಟ್ ಒಪ್ಪಿಸಬಾರದು. ಕಿತ್ತುಕೊಂಡರೆ ಜಗಳಕ್ಕೆ ನಿಲ್ಲದೆ, ಮೊದಲೇ ಬರೆದಿಟ್ಟುಕೊಂಡ ನಿಮ್ಮ ರಾಯಭಾರ ಕಚೇರಿಯ ಸಂಖ್ಯೆಗೆ ಕರೆ ಮಾಡಿ.